ಮಂಜುಗಡ್ಡೆಯ ಮೇಲೆ ಗಾಳದ ಊರು

ಅಮೆರಿಕದ ಮಿನ್ನೆಸೋಟ ಮತ್ತು ಕೆನಡಾದ ಗಡಿಯಲ್ಲಿ ಹರಡಿಕೊಂಡಿರುವ ಲೇಕ್ ಆಫ್ ದ ವುಡ್ಸ್ 14,000ಕ್ಕೂ ಮಿಕ್ಕಿ ದ್ವೀಪಗಳಿರುವ ಸರೋವರ. ಬೇಸಿಗೆಯಲ್ಲಿ ಇಲ್ಲಿ ದೋಣಿ ಹತ್ತುವ ಗಾಳಪ್ರಿಯರು ಜನವರಿಯಲ್ಲಿ ಅದೇ ನೀರಿನ ಮೇಲೆ ಗಾಡಿ ಓಡಿಸಿಕೊಂಡು ಹೋಗುತ್ತಾರೆ. ಹೆಪ್ಪುಗಟ್ಟಿದ ಬಯಲಿನಲ್ಲಿ ಪುಟ್ಟ ಬಾಡಿಗೆ ಮನೆಗಳ ಊರೇ ಎದ್ದಿರುತ್ತದೆ. ಒಳಗೆ ಹೀಟರ್, ಒಲೆ, ಮಲಗಲು ಮಂಚ. ನೆಲದಲ್ಲಿ ಬೈರಿಗೆಯಿಂದ ಕೊರೆದ ತಟ್ಟೆಯಗಲದ ತೂತು, ಅದರೊಳಗೆ ಇಳಿಬಿಟ್ಟ ಗಾಳ. ಮಂಚದ ಮೇಲೆ ಕಾಲು ಚಾಚಿ ಹಿಡಿದದ್ದನ್ನು ಬೇಟೆ ಎನ್ನಬಹುದೇ ಎಂಬುದು ಬೇರೆ ಮಾತು. ಎಲ್ಲರಿಗೂ ಬೇಕಾದದ್ದು ವಾಲೈ ಮೀನು. ಅದರ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವೊಂದಿದೆ. ಮಬ್ಬುಗತ್ತಲಲ್ಲೂ ಅದಕ್ಕೆ ಕಾಣುತ್ತದೆ, ಹಾಗಾಗಿ ಮುಸ್ಸಂಜೆಗೇ ಗಾಳ ಕಚ್ಚುವ ಭರ ಹೆಚ್ಚು. ‘ವರ್ಷವಿಡೀ ಮೀನು’ ಎನ್ನುವ ಜಾಹೀರಾತನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಮೊಟ್ಟೆಯಿಡುವ ಕಾಲವೆಂದು ಏಪ್ರಿಲ್ ಮಧ್ಯದಿಂದ ಸುಮಾರು ಒಂದು ತಿಂಗಳು ಮಿನ್ನೆಸೋಟದ ಪಾಲಿನ ನೀರಲ್ಲಿ ವಾಲೈ ಹಿಡಿಯುವ ಹಾಗಿಲ್ಲ. ಆಗ ನಾರ್ದರ್ನ್ ಪೈಕ್ ಮೀನಿಗೆ ಗಾಳ ಹಾಕಿ ಸಮಾಧಾನಪಟ್ಟುಕೊಳ್ಳಬೇಕು. ಇನ್ನು ಮಂಜುಗಡ್ಡೆಯ ವಿಷಯ. ನಡೆದು ಹೋಗಲು ಕನಿಷ್ಠ 4 ಇಂಚು ದಪ್ಪ ಬೇಕು, ಕಾರಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಎನ್ನುತ್ತದೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಅಷ್ಟಿದ್ದರೂ ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತವೆಂದು ಅದು ಬರೆದುಕೊಡುವುದಿಲ್ಲ.