ಚಿರತೆಯ ಊರಿನಲ್ಲಿ ಹಿಮಕರಡಿಯ ಕಥೆ

ಜೀವವೈವಿಧ್ಯವೆಂಬ ಶಬ್ದ ನಮ್ಮ ಸರ್ಕಾರಿ ಕಡತಗಳಲ್ಲಿ ನೆಲೆಯೂರಿ ಎರಡು ದಶಕಗಳ ಮೇಲಾಯಿತು. 2002ರ ಕಾಯಿದೆ ಹಾಗೂ ಅದರ ನಿಯಮಗಳ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಸಮಿತಿಯೊಂದನ್ನು ರಚಿಸಿ, ತನ್ನ ಸೀಮೆಯ ಗಿಡಮರ, ಪ್ರಾಣಿಪಕ್ಷಿಗಳನ್ನೂ ಅವುಗಳ ಕುರಿತು ಜನರಿಗಿರುವ ತಿಳಿವಳಿಕೆಯನ್ನೂ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡತಕ್ಕದ್ದು. ಕೇಂದ್ರ ಸರ್ಕಾರದ ನೌಕರಿಯಲ್ಲಿಯೇ ತಲೆ ನರೆಸಿಕೊಂಡ ನಾನು ಕಡತಗಳನ್ನು ಹಗುರವಾಗಿ ಕಾಣುವವನಲ್ಲ. ಆದರೆ ನಮೂನೆಯ ಅಂಕಣದಲ್ಲಿ ಪ್ರಾಣಿಯ ಹೆಸರು ಉಳಿದೀತು. ಅದರೊಡನೆ ಮನುಷ್ಯನಿಗಿದ್ದ ನಂಟು ಉಳಿಯಬೇಕಾದರೆ ಕಥೆಯೇ ಬೇಕು.

ಈ ಕಾರಣದಿಂದಲೇ, ಮುಂಬಯಿಯ ವಿನ್ಯಾಸ ಕಾಲೇಜೊಂದರ ನಾಲ್ವರು ವಿದ್ಯಾರ್ಥಿಗಳು ಜೀವವೈವಿಧ್ಯವನ್ನು ಕಥೆಯ ಮೂಲಕ ಮಕ್ಕಳಿಗೆ ತಲುಪಿಸುವ ಯೋಜನೆಯ ಕರಡನ್ನು ತೋರಿಸಿದಾಗ ನನಗೆ ಸಂತೋಷವಾಯಿತು. ಅವರಲ್ಲಿ ಇಬ್ಬರು ನಮ್ಮವರ ಮಕ್ಕಳು. ಚಿತ್ರಗಳು ಸೊಗಸಾಗಿದ್ದವು. ಕಥೆಯಲ್ಲಿ ಮಾತ್ರ ಹಿಮಕರಡಿ ಅಳುತ್ತದೆ, ಪಾಂಡಾ ಸಂತೈಸುತ್ತದೆ. ನಗರಕ್ಕೆ ಅಂಟಿಕೊಂಡೇ ನೂರು ಚದರ ಕಿಲೋಮೀಟರಿಗೂ ಮಿಕ್ಕ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿರುವಾಗ, ಅಲ್ಲಿಯ ಚಿರತೆಗಳು ರಾತ್ರಿಯ ಹೊತ್ತು ಆರೆ ಕಾಲೊನಿಯವರೆಗೂ ಬಂದುಹೋಗುತ್ತಿರುವಾಗ, ಕಥೆಗಾಗಿ ಧ್ರುವಪ್ರದೇಶಕ್ಕೆ ಹೋಗುವ ಅಗತ್ಯವೇನು?

ಈ ಸೀಮೆಯ ವಾರ್ಲಿ ಜನರು ವಾಘೋಬನನ್ನು ಪೂಜಿಸುತ್ತಾರೆ. ಹುಲಿ, ಚಿರತೆ ಎರಡಕ್ಕೂ ಅವನೇ ದೈವ. ಸಲ್ಲಬೇಕಾದ ಪೂಜೆ ಸಲ್ಲಿಸಿದವರನ್ನು ಅವನು ಕಾಯುವನೆಂಬುದು ನಂಬಿಕೆ. ತುಳುನಾಡಿನ ಪಿಲಿಚಾಮುಂಡಿಯನ್ನೂ ಉತ್ತರ ಕನ್ನಡದ ಹುಲಿಯಪ್ಪನನ್ನೂ ಬಲ್ಲ ನಮಗೆ ಇದು ಹೊಸತಲ್ಲ. ಇಲ್ಲಿ ಭಯವಿದೆ, ಭಯದೊಡನೆಯೇ ಒಂದು ಒಪ್ಪಂದವೂ ಇದೆ. ಕಾಡಿನಂಚಿಗೆ ಬಹುಮಹಡಿ ಕಟ್ಟಡ ಕಟ್ಟಿಕೊಂಡು ಚಿರತೆಯನ್ನು ಹಿಡಿದೊಯ್ಯಿರೆಂದು ಅರ್ಜಿ ಬರೆಯುವ ನಾಗರಿಕರಲ್ಲಿ ಈ ಒಪ್ಪಂದವಿಲ್ಲ.

ಹಾಗೆಂದು ಹಳೆಯ ಕಥೆಗಳೆಲ್ಲ ಕಾಡಿಗೆ ಹಿತವೆಂದು ನಾನು ವಾದಿಸಲಾರೆ. ಪುಣ್ಯಕೋಟಿಯ ಕಥೆಯಲ್ಲಿ ಸತ್ಯಕ್ಕೆ ಜಯ ದೊರೆಯುತ್ತದೆ, ಆದರೆ ಪ್ರಾಣ ಬಿಡುವುದು ಹುಲಿ. ಹುಲ್ಲು ತಿನ್ನಲಾರದ ಪ್ರಾಣಿ ಹಸಿವಿಗಾಗಿ ಪಶ್ಚಾತ್ತಾಪ ಪಡಬೇಕಾಗಿ ಬಂದದ್ದನ್ನು ಮಕ್ಕಳೊಡನೆ ಚರ್ಚಿಸಬೇಡವೇ? ಕಾಡುಪಾಪದ ಗತಿಯಂತೂ ಇನ್ನೂ ಕಠೋರ. ಅಗಲ ಕಣ್ಣಿನ ಆ ಬಡಜೀವಕ್ಕೆ ಕನ್ನಡವು ಅಷ್ಟು ಮಮತೆಯ ಹೆಸರನ್ನಿಟ್ಟಿತು; ಮಾಟಮಂತ್ರದ ಕಥೆಗಳು ಅದರ ಪ್ರಾಣ ತೆಗೆದವು. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಅದಕ್ಕಾಗಿಯೇ ಅಭಯಾರಣ್ಯವೊಂದನ್ನು ಘೋಷಿಸಿತು. ಕಥೆ ಕೊಲ್ಲಲೂ ಬಲ್ಲದೆಂಬ ಅರಿವಿಲ್ಲದವರು ಕಥೆಯನ್ನು ಕೈಗೆತ್ತಿಕೊಳ್ಳಬಾರದು.

ವಿದ್ಯಾರ್ಥಿಗಳಿಗೆ ನಾನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಸೂಚಿಸಿದೆ. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸಿ ಹೊರಟ ವಿಜ್ಞಾನಿಗೆ ಹಳ್ಳಿಯ ಮಂದಣ್ಣನಿಲ್ಲದೆ ದಾರಿಯಿಲ್ಲ. ನಮ್ಮ ವಿನ್ಯಾಸ ಶಿಕ್ಷಣದಲ್ಲಿ ಮಂದಣ್ಣನಿಗೆ ಸ್ಥಾನವೆಲ್ಲಿದೆ? ಅಕ್ಷರದ ಅಳತೆಗೆ, ಬಣ್ಣದ ಹೊಂದಿಕೆಗೆ ವಾರಗಟ್ಟಲೆ ಸಮಯ. ಕಾಡಂಚಿನ ಪಾಡೆಯಲ್ಲಿ ಕುಳಿತು ಮುದುಕಿಯೊಬ್ಬಳ ಮಾತು ಕೇಳಲು ಒಂದು ಮಧ್ಯಾಹ್ನ. ಕೇಳಿ ತಂದ ಕಥೆ ಯಾರದು, ಪುಸ್ತಕದಲ್ಲಿ ಅವರ ಹೆಸರು ಇರಬೇಕೇ ಎಂಬ ಪ್ರಶ್ನೆಯಂತೂ ಕರಡಿನಲ್ಲಿ ಎಲ್ಲಿಯೂ ಇರಲಿಲ್ಲ. ಜನರ ತಿಳಿವಳಿಕೆಯಿಂದ ಲಾಭ ಪಡೆದವರು ಅದನ್ನು ಅವರೊಡನೆ ಹಂಚಿಕೊಳ್ಳಬೇಕೆಂಬುದು ಮೇಲೆ ಹೇಳಿದ ಕಾಯಿದೆಯ ಮುಖ್ಯ ಆಶಯಗಳಲ್ಲೊಂದು. ಕಲಾವಿದರಿಗೆ ಅದರಿಂದ ನೈತಿಕ ವಿನಾಯಿತಿ ಇದೆಯೆಂದು ನನಗೆ ತೋರುವುದಿಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಇಲ್ಲಿ ಬೇರೊಂದು ಹೊಣೆಯೂ ಇದೆ. ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು ನಮ್ಮ ಘಟ್ಟದ ಕೆಂದಳಿಲೇ. ನಮ್ಮ ಮಕ್ಕಳಿಗೆ ಅದು ಶೇಕರುವೂ ಅಲ್ಲ, ಕೆಂದಳಿಲೂ ಅಲ್ಲ, ಬರಿಯ ಜಯಂಟ್ ಸ್ಕ್ವಿರಲ್. ಮಂಗಟ್ಟೆಯ ರೆಕ್ಕೆಯ ಸದ್ದನ್ನು ಕೇಳಿದವರು, ಅಪ್ಪೆಮಿಡಿಯ ಮರಗಳನ್ನು ಪರಿಮಳದಿಂದಲೇ ಬೇರೆಬೇರೆಯಾಗಿ ಗುರುತಿಸುವವರು ನಮ್ಮ ಸಂಘದ ಸದಸ್ಯರಲ್ಲಿ ಇನ್ನೂ ಕೆಲವರಿದ್ದಾರೆ. ಅವರಿಗೆ ವಯಸ್ಸಾಗಿದೆ. ಸಂಘದ ವಾಚನಾಲಯವನ್ನು ಮಳೆಗಾಲ ಮುಗಿಯುವವರೆಗೆ ಪ್ರತಿ ಭಾನುವಾರ ಮಧ್ಯಾಹ್ನ ಈ ವಿದ್ಯಾರ್ಥಿಗಳಿಗೆ ತೆರೆದಿಡಬೇಕೆಂದೂ, ಹಿರಿಯರನ್ನು ಮನೆಯಿಂದ ಕರೆತಂದು ಮರಳಿ ಬಿಡುವ ವ್ಯವಸ್ಥೆ ಮಾಡಬೇಕೆಂದೂ ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.