ಎಳೆಯ ಮಕ್ಕಳ ಅಕ್ಷರಾಭ್ಯಾಸದ ವಿಷಯವಾಗಿ ಕೆಲವು ಮಾತುಗಳು

ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗಿಯರು ಈಗ ತಾಯಂದಿರಾಗಿ, ಹಲವರು ಅಜ್ಜಿಯರೂ ಆಗಿ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಸಂಸಾರ ನಡಸುತ್ತಿದ್ದಾರೆ. ಅವರು ದಾರಿಯಲ್ಲಿ ಸಿಕ್ಕಿದಾಗ ಈಚೆಗೆ ನಮ್ಮನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. "ಮಿಸ್, ಮಗುವಿಗೆ ಮೂರು ವರ್ಷ ತುಂಬಿತು, ಇನ್ನೂ ಎ ಬಿ ಸಿ ಬರೆಯುವುದಿಲ್ಲ. ಪಕ್ಕದ ಮನೆಯ ಮಗು ಫೋನಿಕ್ಸ್ ಕ್ಲಾಸಿಗೆ ಹೋಗುತ್ತದೆ. ನಾವೂ ಸೇರಿಸಿಬಿಡೋಣವೇ?" ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಎಳೆಗೂಸುಗಳ ಮಾತೇಕೆಂದು ಕೆಲವರು ಆಕ್ಷೇಪಿಸಿಯಾರು. ಎಂಟನೆಯ ತರಗತಿಗೆ ಬಂದು ಸೇರುವ ಹುಡುಗಿಯರಲ್ಲಿ ಗಟ್ಟಿಯಾಗಿ ಓದೆಂದರೆ ತಡವರಿಸುವವರನ್ನೂ, ತಡವರಿಸದೆ ಓದಿ ಓದಿದ್ದರ ಅರ್ಥವನ್ನು ಹೇಳಲಾರದವರನ್ನೂ ನಾವು ವರ್ಷವರ್ಷವೂ ಕಾಣುತ್ತಿದ್ದೇವೆ. ಆ ಕೊರತೆಯ ಬೇರು ಬಹುಮಟ್ಟಿಗೆ ಎರಡರಿಂದ ಐದು ವರ್ಷದೊಳಗಣ ಕಾಲದಲ್ಲಿದೆಯೆಂಬುದೇ ನಮ್ಮ ಅಭಿಮತವಾದುದರಿಂದ ಈ ಪುಟಗಳನ್ನು ಬಳಸಿಕೊಂಡಿದ್ದೇವೆ.

ಮೊದಲು ಫೋನಿಕ್ಸ್ ಎಂದರೇನೆಂಬುದನ್ನು ತಿಳಿಯಬೇಕು. ಇಂಗ್ಲಿಷಿನಲ್ಲಿ ಅಕ್ಷರಗಳು 26, ಉಲಿಗಳು ಸುಮಾರು 44. ಅಕ್ಷರದ ಹೆಸರು ಒಂದು, ಅದು ಮಾತಿನಲ್ಲಿ ಕೊಡುವ ಉಲಿ ಇನ್ನೊಂದು. 'ಡಬ್ಲ್ಯೂ' ಎಂಬ ಹೆಸರನ್ನು ಎಷ್ಟು ಸಲ ಹೇಳಿದರೂ ಅದರೊಳಗಿಂದ 'ವ್' ಎಂಬ ಉಲಿ ಹೊರಡದು. ಆದಕಾರಣ ಆ ದೇಶದವರು ಹೆಸರನ್ನು ಹಿಂದಿಟ್ಟು ಉಲಿಯನ್ನು ಮುಂದಿಟ್ಟು ಕಲಿಸುವ ಒಂದು ಕ್ರಮವನ್ನು ಕಟ್ಟಿಕೊಂಡರು. ನಮ್ಮ ಲಿಪಿಗೆ ಈ ತೊಡಕಿಲ್ಲ. ಕಕಾರದ ಹೆಸರೂ ಉಲಿಯೂ ಒಂದೇ. ಇಷ್ಟು ಅನುಕೂಲವಿದ್ದರೂ ನಾವು ಮಾಡುತ್ತಿರುವುದೇನು? ಗೋಡೆಗೆ ಚಾರ್ಟನ್ನು ತೂಗುಹಾಕಿ, 'ಅ ಅರಸ, ಆ ಆನೆ' ಎಂದು 49 ಅಕ್ಷರಗಳನ್ನೂ ಸಾಲಾಗಿ ಒಪ್ಪಿಸುವಂತೆ ಮಾಡಿ, ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸುತ್ತೇವೆ. ಙ, ಞ ಎಂಬುವುಗಳಿಂದ ತೊಡಗುವ ಒಂದು ವಸ್ತುವನ್ನಾದರೂ ಮಗುವಿಗೆ ತೋರಿಸಲು ನಮ್ಮಿಂದಾಗದು. ಆದರೂ ಅವನ್ನು ಬಿಡುವ ಹಾಗಿಲ್ಲ. ಹೀಗೆ ಎಲ್ಲವನ್ನೂ ಒಪ್ಪಿಸಿದ ಮಗುವನ್ನು, 'ಮರ ಎಂಬ ಮಾತು ಯಾವ ಉಲಿಯಿಂದ ಹೊರಡುತ್ತದೆ?' ಎಂದು ಕೇಳಿದರೆ ಅದು ನಮ್ಮ ಮುಖವನ್ನೇ ನೋಡುತ್ತದೆ. ಬಾಯಿ ಕಲಿತಿದೆ, ಕಿವಿ ಕಲಿತಿಲ್ಲ.

ಕಿವಿಗೆ ಕಲಿಸಲು ಪುಸ್ತಕ ಬೇಡ. ಒಂದು ಬಟ್ಟೆಯ ಚೀಲದಲ್ಲಿ ಬಳೆ, ಬೀಗ, ಬುಗುರಿ, ಬಟ್ಟಲು ಇವನ್ನು ಹಾಕಿ, ಮಗುವಿಗೆ ಕೈಯಿಟ್ಟು ತಡಕಲು ಹೇಳಿರಿ. ಕೈಗೆ ಸಿಕ್ಕಿದ್ದನ್ನು ನೋಡದೆಯೇ ಅದರ ಹೆಸರನ್ನು ಹೇಳಬೇಕು. ಹೇಳಿದ ಮೇಲೆ ಹೊರತೆಗೆಯಬೇಕು. ನಾಲ್ಕೂ ಒಂದೇ ಬಗೆಯಾಗಿ ತುಟಿ ಮುಚ್ಚಿ ತೆರೆಯುವ ಮಾತುಗಳೆಂಬುದನ್ನು ಕೂಸು ತಾನಾಗಿಯೇ ಕಂಡುಕೊಂಡು ನಗುತ್ತದೆ. ಬಳಿಕ ಬಳೆಯ ಪಕ್ಕದಲ್ಲಿ ಬಾಳೆಹಣ್ಣನ್ನಿಟ್ಟು 'ಬಳೆ ಕೊಡು, ಬಾಳೆ ಕೊಡು' ಎನ್ನಿರಿ. ಹ್ರಸ್ವ ದೀರ್ಘಗಳ ಪಾಠ ಅಲ್ಲಿಗೆ ಮುಗಿಯಿತು; ಹಣ್ಣನ್ನು ತಿನ್ನಲೂಬಹುದು. ಮನೆಯಲ್ಲಿ ಕುಳಿತುಕೊಳ್ಳುವುದಕ್ಕೂ ಮಣೆಯ ಮೇಲೆ ಕುಳಿತುಕೊಳ್ಳುವುದಕ್ಕೂ ಉಂಟಾದ ಭೇದ, ಗೋಡೆಯ ಮೇಲಣ ಹಲ್ಲಿಗೂ ಅಜ್ಜಿಯ ಹಳ್ಳಿಗೂ ಉಂಟಾದ ಭೇದ, ಕತೆಗೂ ಕತ್ತೆಗೂ ಉಂಟಾದ ಭೇದ, ಇವೆಲ್ಲ ಆಟದಲ್ಲಿಯೇ ಕಿವಿಗೆ ಹತ್ತುವಂಥವು. ಹತ್ತನೆಯ ತರಗತಿಯ ಉತ್ತರಪತ್ರಿಕೆಗಳಲ್ಲಿ ಲಕಾರ ಳಕಾರಗಳ ತಪ್ಪನ್ನು ಕೆಂಪು ಮಸಿಯಿಂದ ತಿದ್ದಿ ತಿದ್ದಿ ಬೇಸತ್ತವರು ನಾವು. ಮೂರನೆಯ ವರ್ಷದಲ್ಲಿ ಒಂದು ಹಲ್ಲಿ ಮಾಡಬಲ್ಲ ಕೆಲಸವನ್ನು ಆ ಮಸಿ ಮಾಡಲಾರದು.

ದುಡಿಯಲು ಹೋಗುವ ತಾಯಂದಿರಿಗೆ ಇದಕ್ಕೆಲ್ಲ ಹೊತ್ತೆಲ್ಲಿ ಎಂಬ ಮಾತು ಉಂಟು. ಅದು ಸುಳ್ಳಲ್ಲ. ಆದರೆ ಪ್ರಯಾಣದ ಹೊತ್ತಾದರೂ ಇದೆಯಷ್ಟೆ. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದಿತು. ಅದರಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿಲ್ದಾಣದ ಹೆಸರನ್ನು ಕೂಗಿದಾಗ ಅಕ್ಷರಕ್ಕೊಂದರಂತೆ ಚಪ್ಪಾಳೆ ತಟ್ಟಿಸಿರಿ. ಕೆಂ-ಗೇ-ರಿ, ಮೂರು. ಅ-ತ್ತಿ-ಗು-ಪ್ಪೆ, ನಾಲ್ಕು. ವಿ-ಜ-ಯ-ನ-ಗ-ರ, ಆರು. ದೀಪಾಂಜಲಿನಗರಕ್ಕೆ ಏಳು ಚಪ್ಪಾಳೆ ಬೀಳುವುದರಿಂದ ಮಕ್ಕಳಿಗೆ ಆ ನಿಲ್ದಾಣವೆಂದರೆ ಬಲು ಪ್ರೀತಿ. ಮಾತನ್ನು ತುಂಡು ತುಂಡಾಗಿ ಕೇಳಬಲ್ಲ ಮಗುವಿಗೆ ಮುಂದೆ ಆ ತುಂಡುಗಳ ಗುರುತುಗಳೇ ಅಕ್ಷರಗಳೆಂದು ತಿಳಿಸುವುದು ಕಷ್ಟವಲ್ಲ.

ಇನ್ನು ಕೈಯ ವಿಷಯ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ಆ ಕೈಗೆ ಸೀಸದ ಕಡ್ಡಿಯನ್ನು ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ಬರೆಯಿಸುವುದು ಶಿಕ್ಷೆಯೇ ಹೊರತು ಶಿಕ್ಷಣವಲ್ಲ. ಮರಿಯಾ ಮಾಂಟೆಸೊರಿ ಎಂಬಾಕೆ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಕೂಲಿಕಾರರ ಮಕ್ಕಳಿಗಾಗಿ ಶಿಶುಗೃಹವನ್ನು ತೆರೆದಳು. ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿ, ಎರಡು ಬೆರಳುಗಳಿಂದ ಅವನ್ನು ಸವರುತ್ತ ಅಕ್ಷರದ ಉಲಿಯನ್ನು ನುಡಿಯುವಂತೆ ಮಕ್ಕಳಿಗೆ ಕಲಿಸಿದಳು. 1939ರಲ್ಲಿ ಆಕೆ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು ಅನೇಕ ಉಪಾಧ್ಯಾಯರನ್ನು ತಯಾರುಮಾಡಿದಳು. ಇಂದು ಆಕೆಯ ಹೆಸರಿನ ಫಲಕಗಳು ಬಸವೇಶ್ವರನಗರದ ದೊಡ್ಡ ದೊಡ್ಡ ಮನೆಗಳ ಮೇಲೆ ಕಾಣುತ್ತವೆ, ಶುಲ್ಕವೂ ಫಲಕದಷ್ಟೇ ದೊಡ್ಡದು. ಕೂಲಿಕಾರರ ಮಕ್ಕಳಿಗಾಗಿ ಹುಟ್ಟಿದ ಪದ್ಧತಿಯನ್ನು ಕಾಮಾಕ್ಷಿಪಾಳ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು ಹಣ ತೆತ್ತು ಪಡೆಯಲಾರರು.

ಪಡೆಯಬೇಕಾಗಿಯೂ ಇಲ್ಲ. ಮರಳಿನ ಮೇಲೆ ಬೆರಳಿನಿಂದ ತಿದ್ದಿಸುವುದು, ತಟ್ಟೆಯಲ್ಲಿ ಅಕ್ಕಿ ಹರವಿ ಮಗುವಿನ ಬೆರಳು ಹಿಡಿದು ಬರೆಯಿಸುವುದು ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ನಡೆದು ಬಂದಿದೆ. ಅದನ್ನು ಒಂದು ದಿನದ ಶಾಸ್ತ್ರವಾಗಿ ಮಾಡಿ ಮುಗಿಸಿ, ಮರುದಿನವೇ ಪೆನ್ಸಿಲು ಕೊಡುವುದು ನಮ್ಮ ತಪ್ಪು. ಒಂದು ತಟ್ಟೆ ರಾಗಿಯನ್ನು ತಿಂಗಳುಗಟ್ಟಲೆ ಇಡಿರಿ. ಬೆರಳಿನಡಿ ಕಾಳು ಜರುಗುವ ಸುಖವೇ ಮಗುವನ್ನು ಕರೆಯುತ್ತದೆ, ತಪ್ಪಿದ್ದನ್ನು ಅಳಿಸಲು ತಟ್ಟೆಯನ್ನು ಒಂದು ಸಲ ಅಲ್ಲಾಡಿಸಿದರೆ ಸಾಕು.

ಯಾವ ಅಕ್ಷರದಿಂದ ಮೊದಲುಮಾಡಬೇಕೆಂಬುದಕ್ಕೂ ನಮ್ಮ ನಾಡಿನ ಸರ್ಕಾರಿ ಶಾಲೆಗಳೇ ದಾರಿ ತೋರಿಸಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಅ ಆ ಇ ಈ ಎಂದು ತೊಡಗುವುದಿಲ್ಲ. ರ, ಗ, ಸ, ದ, ಅ ಎಂದು ತೊಡಗುತ್ತಾರೆ. ಬರೆಯಲು ಸುಲಭವಾದ ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಂಬ ಮಾತುಗಳನ್ನು ಮೊದಲ ವಾರಗಳಲ್ಲಿಯೇ ಓದಬಹುದು. ಅರಸನಿಗೂ ಅಗಸನಿಗೂ ಒಂದೇ ಅಕ್ಷರದ ಅಂತರವೆಂಬುದನ್ನು ಮಗು ಆಗಲೇ ತಿಳಿದುಕೊಳ್ಳುತ್ತದೆ. ದಪ್ಪ ಕಾಗದದಲ್ಲಿ ಈ ಐದನ್ನು ಕತ್ತರಿಸಿ ಕೈಗೆ ಕೊಟ್ಟರೆ, ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸುತ್ತ ಮಧ್ಯಾಹ್ನವೆಲ್ಲ ಕಳೆಯುತ್ತಾರೆ. ಆದರೆ ಇದು ನಾಲ್ಕು ವರ್ಷ ದಾಟಿದವರಿಗೆ. ಎರಡು ವರ್ಷದ ಕೂಸಿಗೆ ಅಕ್ಷರದ ಗೊಡವೆಯೇ ಬೇಡ.

ಎರಡು ವರ್ಷದ ಕೂಸಿಗೆ ಬೇಕಾದದ್ದು ಮಾತು. ಇಲ್ಲಿ ನಮ್ಮ ಮನಸ್ಸನ್ನು ನೋಯಿಸಿದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ವಿಜಯನಗರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ನಾವು ಹೋಗಿದ್ದೆವು. ಅತ್ತೆಯವರು ಚಪಾತಿ ಲಟ್ಟಿಸುತ್ತಿದ್ದರು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಅದೇನು, ಇದೇನು ಎಂದು ಬೆರಳು ತೋರಿಸಿ ಕೇಳುತ್ತಿತ್ತು. 'ಇದು ಲಟ್ಟಣಿಗೆ ಕಂದ, ಇದು ಸೌಟು, ಅದು ಜರಡಿ' ಎನ್ನುತ್ತಿದ್ದ ಆಕೆಯನ್ನು ಸೊಸೆ ಮೆಲ್ಲನೆ ತಡೆದಳು. "ಅತ್ತೆ, ಅವಳ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಬೇಕಂತೆ. ಸ್ಕೂಲಿನಲ್ಲಿ ಹೇಳಿ ಕಳಿಸಿದ್ದಾರೆ." ಇಂಗ್ಲಿಷು ಬಾರದ ಅತ್ತೆಯವರು ಸುಮ್ಮನಾದರು. ನಾವು ಅಲ್ಲಿದ್ದಷ್ಟು ಹೊತ್ತೂ ಆ ಮಗುವಿಗೆ ದೊರೆತ ಮಾತುಗಳೆಂದರೆ 'ಕಮ್, ಸಿಟ್, ಈಟ್' ಎಂಬ ಮೂರು ನಾಲ್ಕು. ಬಳಿಕ ಅದರ ಕೈಗೆ ಮೊಬೈಲು ಬಂದಿತು. ಅದರಲ್ಲಿ ಫೋನಿಕ್ಸಿನ ಹಾಡು. ಐದು ವರ್ಷದೊಳಗಿನವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದು, ಎರಡು ವರ್ಷ ತುಂಬದವರಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ.

ಆ ಸೊಸೆಯನ್ನು ನಿಂದಿಸಲು ನಮಗೆ ಬಾಯಿಲ್ಲ. ಆವರಣದಲ್ಲಿ ಕನ್ನಡ ನುಡಿದ ಹುಡುಗಿಯರನ್ನು ಗದರಿದವರು ನಮ್ಮಲ್ಲಿಯೂ ಇದ್ದರು. ಅವಳು ಕಲಿತ ಪಾಠವನ್ನೇ ಅವಳು ಒಪ್ಪಿಸುತ್ತಿದ್ದಾಳೆ. ಆದರೆ ಆ ಅಡುಗೆಮನೆಯಲ್ಲಿ ಅಂದು ಎಷ್ಟು ನಷ್ಟವಾಯಿತೆಂಬುದನ್ನು ಎಣಿಸಿರಿ. ಸಾಸಿವೆ ಚಟಪಟ ಎನ್ನುತ್ತದೆ, ಸಾರು ಕೊತಕೊತ ಕುದಿಯುತ್ತದೆ, ಹಪ್ಪಳ ಗರಿಗರಿಯಾಗಿದೆ, ಬೆಲ್ಲ ಜಿಗುಟು, ಸೀಬೆಯ ಎಲೆ ಒರಟು, ಬಾಳೆಯ ಎಲೆ ನುಣುಪು. ಉಲಿಯೂ ಅರ್ಥವೂ ಮುಟ್ಟುವ ವಸ್ತುವೂ ಹೀಗೆ ಒಂದೇ ಕಡೆ ಕೂಡಿರುವ ಪಾಠಶಾಲೆಯನ್ನು ಯಾರೂ ಶುಲ್ಕಕ್ಕೆ ನಡಸಲಾರರು. ಮನೆಯ ಮಾತು ತೆಲುಗಾಗಲಿ, ತಮಿಳಾಗಲಿ, ಉರ್ದುವಾಗಲಿ, ತುಳುವಾಗಲಿ, ನಮ್ಮ ಬಡಾವಣೆಗಳಲ್ಲಿ ಎಲ್ಲವೂ ಉಂಟು, ಆ ಮಾತಿನಲ್ಲಿಯೇ ಇದು ನಡೆಯಲಿ. ಒಂದು ಭಾಷೆಯಲ್ಲಿ 'ಒರಟು' ಎಂಬುದನ್ನು ಬೆರಳಿನಿಂದ ಅರಿತವರಿಗೆ ಇನ್ನೊಂದು ಭಾಷೆಯಲ್ಲಿ ಅದರ ಹೆಸರನ್ನಷ್ಟೇ ಕಲಿತರೆ ಸಾಕು; ಅರಿಯದವರು ಎರಡನ್ನೂ ಉರುಹೊಡೆಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರನೆಯ ವರ್ಷದಿಂದಲೇ ಆಟದ ಮೂಲಕ ಕಲಿಕೆಯಾಗಬೇಕೆಂದೂ, ಸಾಧ್ಯವಾದಲ್ಲೆಲ್ಲ ಮನೆಮಾತಿನಲ್ಲಿ ಆಗಬೇಕೆಂದೂ ಹೇಳುತ್ತದೆ.

ಇಂಗ್ಲಿಷಿನ ಫೋನಿಕ್ಸು ಬೇಡವೆಂದು ನಾವು ಹೇಳುತ್ತಿಲ್ಲ. ಅಕ್ಷರದ ಹೆಸರನ್ನು ಉರುಹೊಡೆಸುವುದಕ್ಕಿಂತ ಅದು ಎಷ್ಟೋ ಮೇಲು. ಸೇರಿಸುವುದಾದರೆ, ಸೇರಿಸುವ ಮುಂಚೆ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿರಿ. ನಮ್ಮ ವ್ಯಂಜನಗಳಲ್ಲಿ ಅಕಾರ ಅಡಗಿರುವುದರಿಂದ ಕನ್ನಡದ ಬಾಯಿಗೆ 'ಬ, ಟ' ಎನ್ನುವುದು ಸಹಜ; ಹಾಗೆ ಹೇಳಿಕೊಟ್ಟರೆ ಮಗು 'ಬ-ಆ್ಯ-ಟ' ಎಂದು ಎಷ್ಟು ಸಲ ಕೂಡಿಸಿದರೂ 'ಬ್ಯಾಟ್' ಆಗುವುದಿಲ್ಲ. 'ಬ್', 'ಟ್' ಎಂದು ಅರ್ಧವಾಗಿ ನುಡಿಯುವ ಉಪಾಧ್ಯಾಯಿನಿ ಇದ್ದರೆ ಒಳ್ಳೆಯದು. ಇಲ್ಲವಾದರೆ ಆ ಹಣದಿಂದ ರಾಗಿಯನ್ನು ಕೊಳ್ಳಿರಿ.

ಮುಂದಿನ ವಾರ್ಷಿಕ ಕೂಟಕ್ಕೆ ಬರುವಾಗ, ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಮನೆಯ ಹಿರಿಯರಿಂದ ಅಡುಗೆಮನೆಯ, ಹಿತ್ತಲಿನ ಹತ್ತು ಸಾಮಾನುಗಳ ಹೆಸರನ್ನು ಕೇಳಿ ಬರೆದುಕೊಂಡು ತರಬೇಕೆಂದು ಬೇಡುತ್ತೇವೆ. ಸಾಮಾನನ್ನೇ ತಂದರೆ ಇನ್ನೂ ಸಂತೋಷ. ಚೀಲಗಳನ್ನು ಹೊಲಿಗೆಯ ತರಗತಿಯ ಹುಡುಗಿಯರು ಹೊಲಿದುಕೊಡುತ್ತಾರೆ. ತುಂಬಿದ ಚೀಲಗಳನ್ನು ಹತ್ತಿರದ ಅಂಗನವಾಡಿಗಳಿಗೆ ಕೊಟ್ಟುಬರಬೇಕೆಂದಿದ್ದೇವೆ. ಈಳಿಗೆಮಣೆಯನ್ನು ಮಾತ್ರ ಯಾರೂ ತರಬಾರದು. ಅದನ್ನು ಚಿತ್ರದಲ್ಲಿ ತೋರಿಸಿದರೆ ಸಾಕು.