ಕೊನೆಯ ಜಾವದ ಹಾಡುಗಳು

ಜನಪ್ರಿಯವಾದ ಹಾಡು ಕಾವ್ಯವಿಮರ್ಶೆಗೆ ತಕ್ಕ ವಸ್ತುವಲ್ಲವೆಂಬ ಭಾವನೆ ನಮ್ಮ ವಿದ್ವದ್ವಲಯದಲ್ಲಿ ಇನ್ನೂ ಬೇರೂರಿದೆ. ಹಾಡಿದವನು ಅಮೆರಿಕದವನಾದರಂತೂ ಮಾತೇ ಬೇಡ. ಆದರೂ ಧ್ವನಿಯೆಂದರೇನೆಂದು ಯಾರಾದರೂ ಕೇಳಿದರೆ, ಆನಂದವರ್ಧನನ ಗ್ರಂಥದೊಡನೆ ನಾನು ಒಂದು ಗ್ರಾಮಫೋನ್ ತಟ್ಟೆಯನ್ನೂ ಹೆಸರಿಸಬಯಸುತ್ತೇನೆ. ಅದು 1955ರಲ್ಲಿ ಹೊರಬಂದ, ಫ್ರಾಂಕ್ ಸಿನಾಟ್ರಾ ಹಾಡಿರುವ 'ಇನ್ ದಿ ವೀ ಸ್ಮಾಲ್ ಅವರ್ಸ್'.

ಅದರಲ್ಲಿರುವುದು 16 ಹಾಡುಗಳು, ಎಲ್ಲವೂ ವಿರಹದವು. ಕೇಳುಗನ ಬೇಸರ ಕಳೆಯಲೆಂದು ನಡುವೆ ಒಂದು ಕುಣಿತದ ಹಾಡನ್ನು ತುರುಕುವ ವ್ಯಾಪಾರಬುದ್ಧಿ ಇಲ್ಲಿಲ್ಲ. ಶೀರ್ಷಿಕೆಯ ಹಾಡೊಂದು ಹೊಸದು. ಉಳಿದವು ಕೋಲ್ ಪೋರ್ಟರ್, ಡ್ಯೂಕ್ ಎಲಿಂಗ್ಟನ್, ರಿಚರ್ಡ್ ರಾಜರ್ಸ್ ಮೊದಲಾದವರು ಹಿಂದೆಯೇ ರಾಗ ಕಟ್ಟಿ, ಹಲವರ ಬಾಯಲ್ಲಿ ನಲುಗಿದ್ದಂಥವು. ಅವನ್ನು ಒಂದೇ ಸ್ಥಾಯಿಯಲ್ಲಿ ನಿಲ್ಲಿಸಿ, ಬಿಡಿಹಾಡುಗಳ ಗಂಟನ್ನು ಒಂದು ಕವನಸಂಕಲನವಾಗಿಸಿದುದು ಸಿನಾಟ್ರಾನ ಸಾಧನೆ.

ಅವುಗಳಲ್ಲಿ ಹೋಗಿ ಕಾರ್ಮೈಕಲ್ 1939ರಲ್ಲಿ ಪ್ರಕಟಿಸಿದ ಹಾಡೊಂದಿದೆ. ಅದರ ಮೂಲ ಒಂದು ಪತ್ರಿಕೆಯಲ್ಲಿ ಬರಿಯ ಮೊದಲಕ್ಷರಗಳ ಅಂಕಿತದಿಂದ ಅಚ್ಚಾಗಿದ್ದ ಪದ್ಯ. ಬರೆದಾಕೆ ಜೇನ್ ಬ್ರೌನ್ ಥಾಂಪ್ಸನ್. ಅಗಲಿದವರಿಲ್ಲದೆಯೂ ತಾನು ಸುಖವಾಗಿಯೇ ಇರುವುದಾಗಿ ಹೇಳಿಕೊಳ್ಳುವುದು ಅದರ ವಾಚ್ಯಾರ್ಥ. ಹೇಳಿದಷ್ಟೂ ಅದು ಸುಳ್ಳೆಂಬುದು ನಮಗೆ ಗೊತ್ತಾಗುತ್ತ ಹೋಗುತ್ತದೆ. ಬೇರೆ ಗಾಯಕನಾಗಿದ್ದರೆ ಇಲ್ಲಿ ಗಂಟಲು ಗದ್ಗದಗೊಳಿಸಿ ಗುಟ್ಟನ್ನು ಬಯಲುಮಾಡುತ್ತಿದ್ದನು. ಸಿನಾಟ್ರಾ ಆ ಸುಳ್ಳನ್ನು ತಾನೇ ನಂಬಿದವನಂತೆ, ನೆಟ್ಟಗೆ, ಮಾತಾಡುವ ದನಿಯಲ್ಲಿ ಹಾಡುತ್ತಾನೆ. ಅಳುವ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ಈ ಸಂಯಮದ ಹಿಂದೆ ಉಸಿರಿನ ಸಾಧನೆಯುಂಟು. ಟಾಮಿ ಡಾರ್ಸಿಯ ವಾದ್ಯಮೇಳದಲ್ಲಿದ್ದಾಗ (1940-42), ಆತ ಟ್ರಾಂಬೋನ್ ನುಡಿಸುವಲ್ಲಿ ಉಸಿರು ನಡೆಸುವ ಬಗೆಯನ್ನು ನೋಡಿ ಕಲಿತುದಾಗಿ ಸಿನಾಟ್ರಾನೇ ಹೇಳಿದ್ದುಂಟು. ಆದುದರಿಂದ ಇಲ್ಲಿ ಉಸಿರು ತೀರಿದಲ್ಲಿ ಸಾಲು ಮುರಿಯುವುದಿಲ್ಲ. ಅರ್ಥ ಮುಗಿದಲ್ಲಿ ನಿಲ್ಲುತ್ತದೆ. ನಮ್ಮ ಒಳ್ಳೆಯ ಗಮಕಿಗಳು ಪದಚ್ಛೇದ ಮಾಡುವುದೂ ಹೀಗೆಯೇ ಅಲ್ಲವೆ? ನೆಲ್ಸನ್ ರಿಡಲ್‌ನ ವಾದ್ಯಸಂಯೋಜನೆ ಬಹುಮಟ್ಟಿಗೆ ಇದಕ್ಕೆ ಅನುಕೂಲವಾಗಿದೆ. ಶೀರ್ಷಿಕೆಯ ಹಾಡಿನ ಆರಂಭದ ಕಿರುಗಂಟೆಯಂಥ ಸೆಲೆಸ್ಟಾ ನಾದವಂತೂ ಮರೆಯುವಂಥದಲ್ಲ. ಕೆಲವೆಡೆ ಪಿಟೀಲುಗಳ ಸಕ್ಕರೆ ಹೆಚ್ಚಾಯಿತೆಂದು ಹೇಳದಿದ್ದರೆ ವಿಮರ್ಶೆಗೆ ಲೋಪ.

ನನ್ನ ಜಗಳವಿರುವುದು ಈ ಹಾಡುಗಳನ್ನು ಗಾಯಕನ ದಿನಚರಿಯನ್ನಾಗಿ ಓದುವವರೊಡನೆ. ನಟಿ ಏವಾ ಗಾರ್ಡ್ನರ್‌ಳಿಂದ ಅಗಲಿದ ನೋವೇ ಇಲ್ಲಿ ಹಾಡಾಗಿದೆಯೆಂಬ ಮಾತು ಸವೆದುಹೋಗುವಷ್ಟು ಬಳಕೆಯಾಗಿದೆ. ನೋವಿದ್ದುದು ನಿಜವೇ ಇರಬಹುದು. ಆದರೆ ಬರಿಯ ನೋವು ಹಾಡಾಗುವಂತಿದ್ದರೆ ಬೀದಿಗೊಬ್ಬ ಸಿನಾಟ್ರಾ ಇರುತ್ತಿದ್ದನು. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರ ಇಲ್ಲಿ ನಡೆದಿದೆ: ಹೆಣ್ಣೊಬ್ಬಳು ಬರೆದ ಪದ್ಯ ಗಂಡಿನ ಕೊರಳಿಗೆ ಬಂದು, ಕೊನೆಗೆ ಅವನದೂ ಅವಳದೂ ಆಗದೆ ಕೇಳಿದವನದಾಗಿದೆ. ಇನ್ನೊಂದು ಸಂಗತಿಯನ್ನು ಆ ವಾದಿಗಳು ಗಮನಿಸುವುದಿಲ್ಲ. 16 ಹಾಡುಗಳಲ್ಲಿ ಸಾಹಿತ್ಯರಚನೆಗೆ ಸಿನಾಟ್ರಾ ಕೈಜೋಡಿಸಿದ್ದುದು ಕೊನೆಯದೊಂದಕ್ಕೇ, 'ದಿಸ್ ಲವ್ ಆಫ್ ಮೈನ್' ಎಂಬುದಕ್ಕೆ. ಅದು 1941ರದು, ಅವನು ಆ ನಟಿಯನ್ನು ವರಿಸಿದ್ದು 1951ರಲ್ಲಿ.